ಬೆಂಕಿಕಡ್ಡಿ ಅಳತೆಯ ವಿಮಾನಗಳು

ಭಾನುವಾರ ಬೆಳಗಿನ ಚಹಾ ಆದ ಮೇಲೆ ನಾನು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅದರ ಎದುರು ಕೂರುತ್ತೇನೆ. ಮೊದಲೆಲ್ಲ ಈ ಹೊತ್ತಿಗೆ ಹುಮನಾಬಾದಿನ ಗೆಳೆಯರಿಂದ ಕರೆ ಬರುತ್ತಿತ್ತು. ನಮಸ್ಕಾರ ಇಲ್ಲ, ಆರಾಮವೇ ಎಂದು ಕೇಳುವುದಿಲ್ಲ.

“ಸಾವ್ಕಾರ್ರ, ರಾಜೇಶ್ವರ ಕಡಿ ಬಣವಿಗಿ ಬೆಂಕಿ ಹತ್ತ್ಯದ. ನೀರ ಎಲ್ಲಿಂದ ತರ್ತೀರಿ?”

“ಕಾರಂಜಾ ಡ್ಯಾಮಿಂದ.”

“ನೀವು ಅಲ್ಲಿತನಕ ಹೋಗಿ ಬರೋದ್ರಾಗ ಬಣವಿ ಬೂದಿ ಆಗಿ, ಆ ಬೂದಿ ಒಯ್ದು ಹೆಣ್ಮಕ್ಕಳು ಭಾಂಡಿ ತಿಕ್ಕಿರ್ತಾರ.”

“ಹಂಗಾದ್ರ ತ್ರಿಪುರಾಂತ ಕೆರಿ.”

“ಕೆರಿ ಸಣ್ಣದು. ಇಳದ್ರ ಏಳೋದು ಹ್ಯಾಂಗ?”

ಬೆಂಕಿ ಎಲ್ಲಿಯೂ ಬಿದ್ದಿರುತ್ತಿರಲಿಲ್ಲ. ನೀರು ಹೊತ್ತು ತಂದು ಬೆಂಕಿಯ ಮೇಲೆ ಸುರಿಯುವ ವಿಮಾನವೂ ನಮ್ಮಿಬ್ಬರ ಹತ್ತಿರ ಇರಲಿಲ್ಲ. ಇದ್ದದ್ದು ಅಂಥ ವಿಮಾನಗಳ ಸಣ್ಣ ಮಾದರಿಗಳು. ನನ್ನವು ಬಸವಕಲ್ಯಾಣದ ನನ್ನ ಮನೆಯ ಮಾಡದಲ್ಲಿ, ಅವರವು ಹುಮನಾಬಾದಿನ ಅವರ ಮನೆಯ ಅಲಮಾರಿಯಲ್ಲಿ. ಎಲ್ಲವೂ ನಾವೇ ಯೋಚಿಸಿ ಕಟ್ಟಿದವು. ಒಂದನ್ನು ಬಿಟ್ಟು. ಆ ಒಂದರ ಬಗ್ಗೆಯೇ ಇಲ್ಲಿ ಹೇಳಬೇಕಾಗಿದೆ.

ನಾನು ಮೆಟ್ರಿಕ್‌ತನಕ ಓದಿದವನು. ಬಸವಕಲ್ಯಾಣದ ಬಜಾರಿನಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತ ವಯಸ್ಸು ಕಳೆದೆ. ಅವರು ಹುಮನಾಬಾದಿನಲ್ಲಿ ಬೆಂಕಿ ಆರಿಸುವ ಗಾಡಿಯ ಡ್ರೈವರ್ ಆಗಿದ್ದರು. ಪೈಪಿನ ನೀರು ಹೊಕ್ಕು ಅವರ ಗಡಿಯಾರ ಮೇಲಿಂದ ಮೇಲೆ ನಿಲ್ಲುತ್ತಿತ್ತು. ಅದನ್ನು ಹಿಡಿದುಕೊಂಡು ಬಂದಾಗಲೇ ಪರಿಚಯ. ಕೆಲಸ ಕಡಿಮೆ ಇದ್ದ ಒಂದು ದಿನ ನಾನು ಜೋಳದ ದಂಟಿನ ಬೆಂಡು, ಮೇಲಿನ ಸಿಪ್ಪೆಯ ಸಿಬರು ಸೇರಿಸಿ ಒಂದು ವಿಮಾನ ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದೆ. ನಮ್ಮ ಕಡೆಯ ಹುಡುಗರೆಲ್ಲ ಇವೆರಡರಿಂದ ಬಂಡಿ, ಎತ್ತು, ಕನ್ನಡಕ ಮಾಡಿಯೇ ದೊಡ್ಡವರಾದವರು. ನನ್ನ ಕೈಗೆ ಆ ಚಟ ಉಳಿದಿತ್ತು. ಅವರು ಅದನ್ನು ಕೆಳಗಿನಿಂದ ಬಗ್ಗಿ ನೋಡಿದರು.

“ಇದರ ಹೊಟ್ಟ್ಯಾಗ ನೀರ ಹಿಡೀತದೇನ್ರಿ?”

“ಬೆಂಡು ಅದು. ನೀರ ಹಾಕಿದ್ರ ಉಬ್ಬತದ.”

“ಖರೇ ವಿಮಾನಕ್ಕ ಕೇಳಾಕತ್ತೇನಿ.”

ಆಮೇಲೆ ಚಹಾ ತರಿಸಿದೆ. ಚಹಾ ಆರುವವರೆಗೂ ಅವರು ಹೇಳಿದ್ದು ಒಂದು ಬೇಸಿಗೆಯ ಸಂಗತಿ. ರಾಜೇಶ್ವರದ ಆಚೆಯ ಒಂದು ಹೊಲದಲ್ಲಿ ಬಣವಿಗೆ ಬೆಂಕಿ ಬಿದ್ದಿತ್ತು. ಇವರು ಗಾಡಿ ಒಯ್ದರು. ಹೊಲಕ್ಕೆ ಇದ್ದದ್ದು ಬಂಡಿದಾರಿ, ನಡುವೆ ಒಣ ಹಳ್ಳ. ಹಳ್ಳದ ಉಸುಕಿನಲ್ಲಿ ಗಾಲಿ ಹೂತವು. ಬೆನ್ನ ಹಿಂದೆ ಟ್ಯಾಂಕು ತುಂಬ ನೀರು, ಕಣ್ಣೆದುರು ಬೆಂಕಿ, ಪೈಪು ಅಲ್ಲಿಗೆ ಮುಟ್ಟದು. ಆ ಹೊಲದ ಮುದುಕಿ ಕೊಡ ಹಿಡಿದು ಬಂದಳು. ಬೈಯಲಿಲ್ಲ, ಅಳಲಿಲ್ಲ. ಗಾಡಿಯ ನಳಕ್ಕೆ ಕೊಡ ಹಿಡಿದು ತುಂಬಿಸಿಕೊಂಡು ಓಡಿದಳು. ಮತ್ತೆ ಬಂದಳು, ಮತ್ತೆ ಓಡಿದಳು. ಬಣವಿಯ ಪಕ್ಕದ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ಇತ್ತು.

“ನಾನೂ ಕೊಡ ಹೊತ್ತೇನ್ರಿ. ಆದ್ರ ಕೊಡದಿಂದ ಏನ್ ಆಗ್ತದ. ದಾರಿ ಬೇಕಾಗದಂಥ ಗಾಡಿ ಇರಬೇಕಿತ್ತು ಅನಿಸ್ತು.”

ನಮ್ಮ ಆಟ ಹಾಗೆ ಶುರುವಾಯಿತು. ಅವರು ನಿವೃತ್ತರಾದ ಮೇಲೆ, ನಾನು ಅಂಗಡಿ ಮುಚ್ಚಿದ ಮೇಲೆ, ಅದೇ ನಮ್ಮ ಕಸುಬಾಯಿತು. ಅಳತೆ ಅವರು ಗೊತ್ತುಮಾಡಿದ್ದು: ಒಂದು ಬೆಂಕಿಕಡ್ಡಿ ಅಂದರೆ ಒಬ್ಬ ಆಳಿನ ಎತ್ತರ. ವಿಮಾನ ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಆಳುದ್ದ ಎನ್ನಬೇಕು. ಪೈಲಟ್ಟಿನ ಜಾಗದಲ್ಲಿ ಒಂದು ಕಡ್ಡಿ ಕೂರಿಸುತ್ತಿದ್ದೆವು. ಕೂರಿಸುವ ಮೊದಲು ಅವರು ಅದರ ಮದ್ದಿನ ತಲೆ ಮುರಿಯುತ್ತಿದ್ದರು.

“ಬೆಂಕಿ ಆರಸಾಕ ಹೊಂಟವನ ತಲ್ಯಾಗ ಬೆಂಕಿ ಇರಬಾರದ್ರಿ.”

ಇನ್ನೊಂದು ನಿಯಮ, ಚಿತ್ರ ನೋಡಿ ಮಾಡಬಾರದು. “ಇದ್ದದ್ದು ಮಾಡಿದ್ರ ಅದು ನಕಲು. ಇಲ್ಲದ್ದು ಮಾಡ್ರಿ,” ಎನ್ನುತ್ತಿದ್ದರು. ಮಂಠಾಳದ ಸಂತೆಯಲ್ಲಿ ಆಟಿಕೆಯ ವಿಮಾನ ಕಂಡರೆ ಮುಖ ತಿರುಗಿಸುತ್ತಿದ್ದರು, ಕಣ್ಣಿಗೆ ಬಿದ್ದರೆ ಎಲ್ಲಿ ಕೈಗೆ ಬಂದುಬಿಡುತ್ತದೋ ಎಂದು. ಅವರ ಹೆಂಡತಿ, ನನಗೆ ವೈನಿ, ಬಾಗಿಲಲ್ಲಿ ನಿಂತು, “ಅಣ್ಣಾರ, ಇವರಿಗಿ ಕಾಯಿಪಲ್ಯ ತರಾಕ ಕಳಿಸಿದ್ರ ಎಣ್ಣಿ ಡಬ್ಬಿ ಹುಡಕಾಕ ಹೋಗ್ತಾರ. ನೀವು ಇನ್ನಷ್ಟು ಹುರದುಂಬಿಸ್ರಿ,” ಎಂದು ರೇಗಿಸುತ್ತಲೇ ಉಪ್ಪಿಟ್ಟಿನ ತಾಟು ಮುಂದಿಡುತ್ತಿದ್ದರು.

ಅವರು ಡಬ್ಬಿಯ ತಗಡು ಕತ್ತರಿಸಿ ಕಟ್ಟುತ್ತಿದ್ದರು. ನಾನು ಬೆಂಡು, ಸಿಬರು. ಕಿಟಕಿಗೆ ಹಳೆಯ ಗಡಿಯಾರದ ಗಾಜು. ನನ್ನವು ಅಂದವಾಗಿರುತ್ತಿದ್ದವು. ಅವರವು ಎಮ್ಮೆಯ ಹಾಗೆ ಹೊಟ್ಟೆ ಇಳಿಬಿಟ್ಟುಕೊಂಡು ನಿಲ್ಲುತ್ತಿದ್ದವು. ಆದರೆ ಹೊಸದು ಹೊಳೆಯುತ್ತಿದ್ದದ್ದು ಅವರಿಗೇ. ಕೊನೆಗೆ ಅವರು ಕೈಹಾಕಿದ್ದು ಮೋಟ್ ವಿಮಾನಕ್ಕೆ. ಎತ್ತು ಹೂಡಿ ಬಾವಿಯಿಂದ ನೀರೆಳೆಯುತ್ತಿದ್ದ ತೊಗಲಿನ ಚೀಲಕ್ಕೆ ನಮ್ಮಲ್ಲಿ ಮೋಟ್ ಎನ್ನುತ್ತಾರೆ. ಅದಕ್ಕೆ ಆನೆಯ ಸೊಂಡಿಲಿನಂಥ ಬಾಲ. ಚೀಲ ಮೇಲೇರುವಾಗ ಒಂದು ಸಣ್ಣ ಹಗ್ಗ ಆ ಬಾಲವನ್ನು ಎತ್ತಿ ಹಿಡಿದಿರುತ್ತದೆ, ನೀರು ಚೆಲ್ಲುವುದಿಲ್ಲ. ಬಾವಿಯ ದಂಡೆಗೆ ಬಂದೊಡನೆ ಬಾಲ ಕಲ್ಲಿನ ಮೇಲೆ ಚಾಚಿಕೊಳ್ಳುತ್ತದೆ, ನೀರೆಲ್ಲ ಒಂದೇ ಸಲ ಬೀಳುತ್ತದೆ. ಚಿಕ್ಕವರಿದ್ದಾಗ ತಂದೆಯ ಮೋಟ್ ಹೊಡೆದವರು ಅವರು. ಸೈಕಲ್ಲಿನ ಟ್ಯೂಬು ಕತ್ತರಿಸಿ ತಗಡಿನ ವಿಮಾನದ ಹೊಟ್ಟೆಗೆ ಅಂಥದ್ದೇ ಚೀಲ ಕಟ್ಟಿದರು. ನೀರು ತುಂಬಿದರೆ ಬಾಲ ಜೋತುಬಿದ್ದು ಸೋರುತ್ತಿತ್ತು. “ಆಗ್ತದ, ಆಗ್ತದ,” ಎನ್ನುತ್ತ ಮತ್ತೆ ಕಟ್ಟುತ್ತಿದ್ದರು.

ನನಗೆ ಹೊಟ್ಟೆಕಿಚ್ಚು ಇತ್ತು. ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ನನ್ನ ವಿಮಾನಗಳನ್ನು ಅವರು “ಚೆಂದ ಅದ” ಎನ್ನುತ್ತಿದ್ದರು. ತಮ್ಮದನ್ನು ಮಾತ್ರ ಗಂಟೆಗಟ್ಟಲೆ ನೋಡುತ್ತಿದ್ದರು.

ಆ ದಿನಗಳಲ್ಲೇ ನನ್ನ ಹೊಸ ಫೋನಿನಲ್ಲಿ ಒಂದು ವಿಡಿಯೊ ಕಂಡಿತು. ಯಾವುದೋ ದೇಶದ ಕೆರೆ. ಹಳದಿ ವಿಮಾನವೊಂದು ಬಂದು, ದೋಣಿಯಂಥ ಹೊಟ್ಟೆಯನ್ನು ನೀರಿಗೆ ತಾಗಿಸಿ, ನಿಲ್ಲದೆ ಓಡುತ್ತಲೇ ನೀರು ತುಂಬಿಕೊಂಡು ಮೇಲೆದ್ದಿತು. ಆಮೇಲೆ ಉರಿಯುವ ಕಾಡಿನ ಮೇಲೆ ಹೋಗಿ ಸುರಿಯಿತು. ಅಂದರೆ ಅದು ಇದೆ. ದಾರಿ ಬೇಕಾಗದ ಗಾಡಿ ಈ ಲೋಕದಲ್ಲಿ ಇದೆ. ಆಗಲೇ ಹುಮನಾಬಾದಿಗೆ ಫೋನು ಮಾಡಬೇಕಿತ್ತು. ಫೋನು ಕೈಯಲ್ಲೇ ಇತ್ತು. ಅವರದು ಗುಂಡಿ ಒತ್ತುವ ಹಳೆಯ ಫೋನು, ಅವರಿಗೆ ಇದು ಕಾಣುವ ಸಂಭವವಿಲ್ಲ ಎಂಬ ಲೆಕ್ಕ ಮೊದಲು ತಲೆಗೆ ಬಂತು.

ಬೆಂಡಿನಲ್ಲಿ ಅದನ್ನೇ ಕಟ್ಟಿದೆ. ಬಣ್ಣ ಹಚ್ಚಲಿಲ್ಲ, ಬಿಳಿಯಾಗಿಯೇ ಬಿಟ್ಟೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ತಿರುಗಿಸಿ ನೋಡಿದರು.

“ನೀರಾಗ ನಿಂದರೋದು ಬ್ಯಾಡೇನ್ರಿ?”

“ಬ್ಯಾಡ. ಓಡ್ತಾ ಓಡ್ತಾನೇ ತುಂಬ್ಕೋತದ.”

“ಹಂಗಾದ್ರ ತ್ರಿಪುರಾಂತ ಕೆರಿ ಸಾಕಾಗ್ತದಲ್ರಿ,” ಎಂದರು. ಆಮೇಲೆ, “ಇದು ನಿಮಗ ಹ್ಯಾಂಗ ಹೊಳೀತು?”

“ಕೆರಿ ಮ್ಯಾಲ ಹಾರ್ತಾನೇ ನೀರ ಕುಡಿಯೋ ಹಕ್ಕಿ ನೋಡಿದ್ದೆ.”

ಆ ಹಕ್ಕಿಗಳನ್ನು ನಾನು ನೋಡಿದ್ದು ನಿಜ. ಸುಳ್ಳಿಗೆ ಅದನ್ನು ಆಸರೆ ಮಾಡಿಕೊಂಡೆ.

“ಇಂಥಾದ್ದು ಎಲ್ಲೆರ ಖರೇನ ಇರಬಹುದೇನ್ರಿ?”

“ಎಲ್ಲಿ ಇರ್ತದ್ರಿ. ನಮ್ಮಂಥಾ ಹುಚ್ಚರ ತಲ್ಯಾಗಷ್ಟ.”

ಅವರು ನಕ್ಕರು. ನಕ್ಕು, “ಇದ್ದಿದ್ರ ಆ ಮುದುಕಿ ಎತ್ತು,” ಎಂದಷ್ಟೇ ಅಂದು ನಿಲ್ಲಿಸಿದರು. ನನ್ನ ವಿಮಾನವನ್ನು ಅಲಮಾರಿಯ ನಡುವಿನ ಹಲಗೆಯಲ್ಲಿಟ್ಟರು. ಮೋಟ್ ವಿಮಾನವನ್ನು ತೆಗೆದು ಅಲಮಾರಿಯ ನೆತ್ತಿಗೆ ಏರಿಸಿದರು. “ನಿಮ್ಮಂಥಾ ತಲಿ ನಮಗಿಲ್ಲ ಬಿಡ್ರಿ.” ಆಮೇಲೆ ಅವರು ತಗಡು ಕತ್ತರಿಸಿದ್ದನ್ನು ನಾನು ನೋಡಲಿಲ್ಲ. ಭಾನುವಾರ ಫೋನು ಮಾಡುತ್ತಿದ್ದರು. ಆದರೆ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಿದ್ದರು: “ನಿಮ್ಮ ವಿಮಾನ ಅದ ಬಿಡ್ರಿ, ಬೆಂಕಿ ಆರಿದಂಗ.” ಬರುಬರುತ್ತ ಆಟದಲ್ಲಿ ಆಡುವುದಕ್ಕೆ ಏನೂ ಉಳಿಯಲಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ ನನ್ನನ್ನು ಹೊಗಳುತ್ತಿದ್ದರೆಂದು ವೈನಿ ಹೇಳಿದರು. ನಿಜ ಹೇಳಬೇಕು ಎಂದುಕೊಂಡು ಹೋಗುತ್ತಿದ್ದೆ, ಉಪ್ಪಿಟ್ಟು ತಿಂದು ಬರುತ್ತಿದ್ದೆ.

ಅಷ್ಟರಲ್ಲಿ ಅವರ ಕಣ್ಣು ಮಂಜಾದವು. ಪೊರೆ ಇರಬೇಕೆಂದು ಎಲ್ಲರೂ ತಿಳಿದಿದ್ದೆವು. ಪೊರೆಯಲ್ಲ, ನರ ಸತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಸುದ್ದಿ ತಿಳಿದು ನಾನು ಹೋದಾಗ ಅವರು ಅಂಗಳದ ಹಗ್ಗದ ಮಂಚದ ಮೇಲೆ ಕೂತಿದ್ದರು. ನನ್ನ ಚಪ್ಪಲಿಯ ಸಪ್ಪಳಕ್ಕೇ, “ಬರ್ರಿ ಸಾವ್ಕಾರ್ರ,” ಎಂದರು. ನನ್ನ ಬಿಳಿ ವಿಮಾನ ಅವರ ತೊಡೆಯ ಮೇಲಿತ್ತು. ರೆಕ್ಕೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

ಅದನ್ನು ನೋಡಿ ತಡೆಯಲಾಗಲಿಲ್ಲ.

“ಡ್ರೈವರ್ ಸಾಬ್ರ, ಅದು ನಂದಲ್ಲ,” ಎಂದೆ. “ನಕಲು. ಅಂಥಾ ವಿಮಾನ ಖರೇನ ಅದ. ಫೋನಿನ್ಯಾಗ ನೋಡಿ ಮಾಡಿದ್ದೆ.”

ಬೆರಳು ನಿಂತಿತು. ನಾನು ಕಳ್ಳನೆಂಬುದು ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

“ಖರೇನ ಅದ?”

“ಅದ.”

“ಹಾರತದ?”

“ಹಾರತದ.”

“ತೋರಸ್ರಿ,” ಎಂದರು. ಆಮೇಲೆ ತಮಗೇ ನೆನಪಾಗಿ, “ಹೇಳ್ರಿ,” ಎಂದರು.

ನಾನು ವಿಡಿಯೊ ಹಚ್ಚಿದೆ. ಅವರು ಕಿವಿಯನ್ನು ಫೋನಿನ ಹತ್ತಿರ ತಂದರು. ಹೇಳತೊಡಗಿದೆ. ಈಗ ಕೆರೆ ಕಾಣುತ್ತಿದೆ, ಈಗ ವಿಮಾನ ಇಳಿಯುತ್ತಿದೆ, ಬಣ್ಣ ಹಳದಿ.

“ನಿಮ್ಮದು ಬಿಳಿ ಇತ್ತಲ್ರಿ.”

“ಕದ್ದಿದ್ದು ಕಾಣಬಾರದಂತ ಬಿಳಿ ಬಿಟ್ಟಿದ್ದೆ.”

“ಹ್ಞೂಂ. ಮುಂದ ಹೇಳ್ರಿ.”

ಹೊಟ್ಟೆ ನೀರಿಗೆ ತಾಗಿತು, ಎರಡೂ ಕಡೆ ನೀರು ರೆಕ್ಕೆಯೆತ್ತರ ಚಿಮ್ಮುತ್ತಿದೆ, ಎದ್ದಿತು, ಕಾಡಿನ ಮೇಲೆ ಬಂತು, ಸುರಿಯಿತು. ಅವರು ಕೇಳಿದರು: “ನೀರು ಹ್ಯಾಂಗ ಬೀಳ್ತದ? ಒಮ್ಮೆಗೇನ, ಹನಿ ಹನಿ?”

“ಒಮ್ಮೆಗೇ. ಮೋಟ್ ಸುರುವಿದಂಗ.”

ಅವರ ಮುಖ ಅರಳಿತು. ಆ ಮುಖ ನನಗೆ ಈಗಲೂ ಬೇಕು ಅನಿಸುತ್ತದೆ. ಅದು ಅರಳಿದ್ದು ನನಗಾಗಿ ಅಲ್ಲವೆಂದು ಗೊತ್ತಿದ್ದೂ. ಆಮೇಲೆ ಕೇಳಿದರು.

“ಇದು ನಿಮಗ ಗೊತ್ತಾಗಿ ಎಷ್ಟ ದಿನ ಆತ್ರಿ?”

“ಇದನ್ನ ಮಾಡಿ ತಂದೆನಲ್ರಿ, ಅದಕ್ಕೂ ಮೊದಲ.”

“ಆವಾಗ ನನಗ ಕಣ್ಣು ಇದ್ದುವು.”

ಇಷ್ಟೇ ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಚಹಾ ತಂದ ವೈನಿ ಎಲ್ಲ ಕೇಳಿಸಿಕೊಂಡಿದ್ದರು. “ಅವತ್ತ ಹೇಳಾಕ ಏನಾಗಿತ್ರಿ ಅಣ್ಣಾರ?” ಎಂದರು. ಅವರು ವೈನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ, “ಇನ್ನೊಂದ್ ಸಲ ಹಚ್ರಿ,” ಎಂದರು. ನಾನು ಮತ್ತೆ ಹೇಳಿದೆ.

ಹೊರಡುವಾಗ ಅಲಮಾರಿಯ ಮೇಲಿನ ಮೋಟ್ ವಿಮಾನವನ್ನು ಒಯ್ಯಲೇ ಎಂದು ಕೇಳಿದೆ. “ಒಯ್ರಿ,” ಎಂದರು. ಐತವಾರ ಫೋನ್ ಮಾಡ್ತೀನಿ ಎನ್ನುವುದು ಅವರ ವಾಡಿಕೆ. ಅಂದು ಅನ್ನಲಿಲ್ಲ. ಅಂದಿನಿಂದ ಮಾಡಿಯೂ ಇಲ್ಲ. ನಾನು ಮಾಡಿದರೆ ವೈನಿ ಎತ್ತುತ್ತಾರೆ. ಅವರು ಮಲಗಿದ್ದಾರೆ, ಇಲ್ಲವೇ ಈಗಷ್ಟೇ ಎದ್ದಿದ್ದಾರೆ ಎನ್ನುತ್ತಾರೆ.

ಈ ದಿನಗಳಲ್ಲಿ ನಾನು ಆ ಟ್ಯೂಬಿನ ಬಾಲಕ್ಕೆ ಕೈ ಹಾಕಿದೆ. ಅದು ಏಕೆ ಸೋರುತ್ತದೆಂದು ತಿಳಿಯದೆ ಹಲವು ಸಲ ಬಿಚ್ಚಿದೆ. ಮಂಠಾಳದಲ್ಲಿ ಒಬ್ಬ ಹಿರಿಯರು ಹಿಂದೆ ಮೋಟ್ ಹೊಡೆದವರು. ಕೇಳಿದಾಗ, ಬಾಲದ ತುದಿ ಚೀಲದ ಬಾಯಿಗಿಂತ ಕೆಳಗಿದ್ದರೆ ಸೋರದೆ ಏನು ಮಾಡೀತು ಎಂದು ನಕ್ಕರು. ತುದಿಯನ್ನು ದಾರದಿಂದ ಎತ್ತಿ ಕಟ್ಟಿದೆ. ತಗಡಿನ ಅಂಚುಗಳನ್ನು ಕಣ್ಣು ಮುಚ್ಚಿ ಬೆರಳಿನಿಂದ ನೋಡಿ ನೋಡಿ ಉಜ್ಜಿದೆ, ಎಲ್ಲಿಯೂ ಚುಚ್ಚದಂತೆ. ಪೈಲಟ್ಟಿನ ಕಡ್ಡಿಗೆ ತಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ನಿನ್ನೆ ಅಂಗಳದ ಹಗ್ಗಕ್ಕೆ ತೂಗುಹಾಕಿ, ನೀರು ತುಂಬಿ, ದಾರ ಬಿಟ್ಟೆ. ಕೆಳಗೆ ಒಡ್ಡಿದ ನನ್ನ ಅಂಗೈ ಮೇಲೆ ನೀರೆಲ್ಲ ಒಂದೇ ಸಲ ಬಿತ್ತು. ಇದನ್ನು ತಿಳಿಯಲು ಕಣ್ಣು ಬೇಕಾಗಿಲ್ಲ.

ಇಂದು ಭಾನುವಾರ. ಇಷ್ಟು ಬರೆಯುವವರೆಗೂ ಫೋನು ಸುಮ್ಮನೇ ಇದೆ. ಡಬ್ಬಿಯಲ್ಲಿ ಹತ್ತಿ ಹಾಸಿ ವಿಮಾನ ಇಟ್ಟಿದ್ದೇನೆ. ಹುಮನಾಬಾದಿನ ಬಸ್ಸಿಗೆ ಹೊತ್ತಾಯಿತು. ಅವರು ಕ್ಷಮಿಸಬೇಕೆಂದು ಹೋಗುತ್ತಿಲ್ಲ. ನನ್ನ ಚಪ್ಪಲಿಯ ಸಪ್ಪಳ ಕೇಳಿ, ಬರ್ರಿ ಎನ್ನುವುದಕ್ಕೂ ಮೊದಲು, ಇವತ್ತು ಎಲ್ಲಿ ಬೆಂಕಿ ಬಿದ್ದಿದೆ ಎಂದು ಅವರು ಹೇಳಿದರೆ ಸಾಕು.