ಮಡಿಕೋಲಿನ ಕೆಳಗಿನ ವಿಮಾನ

ಮದುವೆಗೆ ಮುಂಚೆ ಸರಸ್ವತಿ ನಾಲ್ಕು ವರ್ಷ ವಿಮಾನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ ಮಾಡಿದ್ದಳು. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದದ್ದರ ಮೇಲೆ ತೆಳುಬಟ್ಟೆ ಹಾಸಿ, ನೀರಿಗೆ ಕರಗದ ಇಂಡಿಯನ್ ಇಂಕಿನಲ್ಲಿ ಗೆರೆ ಎಳೆಯುವ ಕೆಲಸ. ಕೈ ನಡುಗದ ಹುಡುಗಿ ಎಂದು ಅಲ್ಲಿ ಹೆಸರಾಗಿದ್ದಳು. ಅದೇ ಕಾರ್ಖಾನೆಯ ಸೇತುರಾಮನ ಹೆಂಡತಿಯಾಗಿ ಯಡಿಯೂರಿನ ಬಾಡಿಗೆ ಮನೆಗೆ ಬಂದ ಮೇಲೆ ಆ ಕೈಗೆ ಹನ್ನೊಂದು ವರ್ಷ ಪೆನ್ನು ಸಿಕ್ಕಿರಲಿಲ್ಲ.

ಸಿಕ್ಕಿದ್ದು ೧೯೭೯ರ ಶ್ರಾವಣದಲ್ಲಿ. ಸೇತುರಾಮನ ಮೇಲಧಿಕಾರಿ ನಿವೃತ್ತರಾಗುವವರಿದ್ದರು. ಅವರು ಕೆಲಸಕ್ಕೆ ಸೇರಿದಾಗ ಮೊದಲು ರಿಪೇರಿ ಮಾಡಿದ್ದು ಟೈಗರ್ ಮಾತ್ ಎಂಬ ಹಳದಿ ವಿಮಾನವನ್ನು. ಹಿಂದೆ ವಾಯುಪಡೆಯ ಹುಡುಗರು ಹಾರಲು ಕಲಿಯುತ್ತಿದ್ದುದು ಅದರಲ್ಲೇ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಬಿಗಿದ ತಂತಿಗಳು. "ಬೀಳ್ಕೊಡುಗೆಗೆ ಅದರ ಚಿತ್ರ ನಮ್ಮನೇಲೇ ಮಾಡಿಸ್ತೀನಿ" ಎಂದು ಸೇತುರಾಮ ಆಫೀಸಿನಲ್ಲಿ ಒಪ್ಪಿಕೊಂಡು ಬಂದ. ಒಂದು ಫೋಟೋ, ಯಾರೋ ಜರ್ಮನಿಯಿಂದ ತಂದಿದ್ದ ವಾಟರ್ ಕಲರ್ ಪೆನ್ಸಿಲ್ಲುಗಳ ಡಬ್ಬಿ ಎರಡನ್ನೂ ತಂದಿಟ್ಟ. ಆ ಪೆನ್ಸಿಲ್ಲಿನಲ್ಲಿ ತೀಡಿ ಮೇಲೆ ನೀರು ಸವರಿದರೆ ತೀಡಿದ್ದು ಬಣ್ಣವಾಗಿ ಹರಡುತ್ತಿತ್ತು.

ಬರೆಯಲು ಹೊತ್ತನ್ನು ಕೊಟ್ಟವನು ಅವನಲ್ಲ. ಅದನ್ನು ಕೊಟ್ಟವರು, ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದ ಅವನ ಅಕ್ಕ ಮೀನಾಕ್ಷಮ್ಮ.

"ಸರಸೂ, ನೀನು ಕೂತು ಬರಿ. ರುಬ್ಬೋದು, ಸಾರಿಸೋದು ನಾನು ನೋಡ್ಕೋತೀನಿ" ಎಂದರು. ಬ್ರಷ್ಷನ್ನು ಮಾತ್ರ ಒಪ್ಪಲಿಲ್ಲ. "ಅದು ಯಾವ ಪ್ರಾಣಿ ಬಾಲವೋ ಏನೋ, ನಡುಮನೇಲಿ ಬೇಡಮ್ಮ. ತಗೋ, ಬತ್ತಿ ಹೊಸೆದಿದೀನಿ." ದೇವರ ದೀಪದ ಬತ್ತಿಯನ್ನು ನೀರಿನಲ್ಲದ್ದಿ ಸರಸ್ವತಿ ಆಕಾಶ ಸವರಿದಳು.

ಅವಳು ಕೂರುತ್ತಿದ್ದ ಜಾಗದ ಮೇಲೆ, ಸೂರಿನಿಂದ ಇಳಿಬಿಟ್ಟ ಮಡಿಕೋಲಿತ್ತು. ಮೀನಾಕ್ಷಮ್ಮ ಬೆಳಿಗ್ಗೆ ಒಗೆದ ಸೀರೆಯನ್ನು ಯಾರೂ ಮುಟ್ಟದಂತೆ ಬಿದಿರಿನ ಗಳುವಿನಿಂದ ಎತ್ತಿ ಅಲ್ಲಿ ಹರವುತ್ತಿದ್ದರು. ಮರುದಿನ ಮಡಿಯಲ್ಲಿ ಅಡುಗೆ ಮಾಡಲು ಅದೇ ಸೀರೆ.

ಸೋಮವಾರ ನೋಡಿದರೆ, ಕೆಲಸದ ದಿನಗಳಿಂದ ಉಳಿದಿದ್ದ ಇಂಡಿಯನ್ ಇಂಕು ಬಾಟಲಿಯ ತಳದಲ್ಲಿ ಗಟ್ಟಿಯಾಗಿತ್ತು. ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ತರಲು ಬೇಸರಪಟ್ಟು ಸರಸ್ವತಿ ಮಗಳ ಸ್ಕೂಲಿನ ಶಾಯಿಯಲ್ಲೇ ತಂತಿಗಳನ್ನು ಎಳೆದಳು. ಆ ಶಾಯಿ ನೀರಿಗೆ ನಿಲ್ಲುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹುಷಾರಾಗಿ ಸವರಿದರಾಯಿತು ಎಂದುಕೊಂಡಳು. ಹಳದಿಯ ಮೇಲೆ ಒದ್ದೆ ಬತ್ತಿ ಇಟ್ಟಿದ್ದೇ ತಂತಿಗಳೆಲ್ಲ ಕರಗಿ ರೆಕ್ಕೆ ನೀಲಿಯಾಯಿತು. ಅದೇ ಹೊತ್ತಿಗೆ ಸೇತುರಾಮ ಷರಟಿನ ಗುಂಡಿ ಹಾಕಿಕೊಳ್ಳುತ್ತ ಬಂದ.

"ಏನೇ ಇದು! ಶನಿವಾರ ಕೊಡ್ಬೇಕು. ನೀರು ಎಲ್ಲಿಂದ ಬಿತ್ತು?"

ಸರಸ್ವತಿ ಕತ್ತೆತ್ತಿ ಸೀರೆಯ ಕಡೆ ನೋಡಿದಳು, ಅಷ್ಟೆ.

"ಅಕ್ಕಾ, ನಿನ್ನ ಸೀರೆ ಬೇರೆ ಎಲ್ಲಾದ್ರೂ ಒಣಗಿಸಬಾರ್ದಾ? ನೋಡಿಲ್ಲಿ, ಎಲ್ಲಾ ಹಾಳಾಯ್ತು!"

ಮೀನಾಕ್ಷಮ್ಮ ಕೈಗೆ ಉದ್ದಿನಹಿಟ್ಟು ಮೆತ್ತಿಕೊಂಡೇ ಬಂದರು. ಚಿತ್ರ ನೋಡಿದರು, ಸೀರೆ ನೋಡಿದರು, ಸರಸ್ವತಿಯನ್ನು ನೋಡಿದರು. "ಆಯ್ತಪ್ಪ" ಎಂದರು.

ಅವತ್ತೇ ಕೋಲು ಬಿಚ್ಚಿ ಹಿತ್ತಲಿಗೆ ಹಾಕಿದರು. ಬಿಡದ ಜಡಿಮಳೆ. ಸೀರೆ ಬಚ್ಚಲಲ್ಲಿ ನೀರೊಲೆಯ ಪಕ್ಕ ಹೊಗೆ ಕುಡಿಯುತ್ತ ಅರೆಬರೆ ಒಣಗುತ್ತಿತ್ತು. ಅದನ್ನೇ ಉಟ್ಟು ಬಡಿಸುವಾಗ ಅನ್ನದ ಜೊತೆ ಹೊಗೆಯ ವಾಸನೆ ಬರುತ್ತಿತ್ತು. ಆದರೂ ರುಬ್ಬುವುದು, ಸಾರಿಸುವುದು ಯಾವುದನ್ನೂ ಅವರು ಬಿಡಲಿಲ್ಲ. ಬತ್ತಿಗಳನ್ನೂ ಹೊಸೆದಿಟ್ಟರು. ಸರಸ್ವತಿ ಹೊಸ ಇಂಕು ತಂದು, ಹೊಸ ಕಾಗದದ ಮುಂದೆ ಕೂತಳು. ಗೆರೆ ನಡುಗಿತು.

ಗುರುವಾರ ಅವಳು ಒರಳಿನ ಹತ್ತಿರ ಹೋಗಿ ನಿಂತಳು. "ಅತ್ತಿಗೆ, ಅವತ್ತು ನಿಮ್ಮ ಸೀರೆಯಿಂದ ನೀರು ಬೀಳ್ಲಿಲ್ಲ. ನಾನೇ..."

"ಗೊತ್ತು." ಗುಂಡು ತಿರುಗುತ್ತಲೇ ಇತ್ತು. "ಅವರು ಹೋದಾಗ ನಂಗೆ ಹತ್ತೊಂಬತ್ತು. ಆವಾಗಿಂದ ನಾನೇ ಒಗೆದು ನಾನೇ ಹಿಂಡ್ತಿದೀನಿ. ನಾನು ಹಿಂಡಿದ ಸೀರೇಲಿ ಒಂದು ತೊಟ್ಟು ಉಳಿಯತ್ತೇನೇ?"

"ಮತ್ತೆ ಯಾಕೆ ಸುಮ್ನಿದ್ರಿ?"

"ನೀನು ಬಾಯಿಬಿಟ್ಟು ಹೇಳಿದ್ರೆ ಜಗಳ ಆಡಬಹುದಿತ್ತು. ಕಣ್ಣಲ್ಲಿ ಹೇಳಿದ್ದಕ್ಕೆ ಏನಂತ ಜವಾಬು ಕೊಡ್ಲಿ? ಈಗ ನಂಗೆ ಹೇಳಿ ಏನು ಬಂತು, ಅವನಿಗೆ ಹೇಳು."

ಸಂಜೆ ಕಾಫಿಯ ಹೊತ್ತಿಗೆ, ಮೀನಾಕ್ಷಮ್ಮ ಲೋಟ ಹಿಡಿದು ನಿಂತಿದ್ದಾಗಲೇ ಅವಳು ಹೇಳಿದಳು. "ಅವತ್ತು ಶಾಯಿ ಕರಗಿದ್ದು ನನ್ನ ತಪ್ಪು. ಅತ್ತಿಗೆ ಸೀರೇದಲ್ಲ. ಕಣ್ಣಲ್ಲೇ ಸುಳ್ಳಾಡಿದೆ."

"ಹೋಗ್ಲಿ ಬಿಡೆ. ಶನಿವಾರಕ್ಕೆ ಆಗತ್ತಲ್ಲ?"

"ಅವರಿಗೆ ಏನಾದ್ರೂ ಹೇಳಿ."

"ಯಾರಿಗೆ? ಅಕ್ಕನಿಗಾ? ಏನು ಹೇಳೋದಿದೆ ಅದರಲ್ಲಿ?" ಸೇತುರಾಮ ಲೋಟಕ್ಕೆ ಕೈಚಾಚಿದ. ಮೀನಾಕ್ಷಮ್ಮ ಕೊಟ್ಟು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಸರಸ್ವತಿ ಸ್ಟೂಲು ಹತ್ತಿ ಮಡಿಕೋಲನ್ನು ಮತ್ತೆ ಕಟ್ಟಿದಳು. ಅದರ ನೇರ ಕೆಳಗೆ ಹಲಗೆ ಹಾಕಿ ಕಾಗದ ಹರಡಿದಳು. ಹಿಂಡಿದ ಸೀರೆ ಹಿಡಿದು ಮೀನಾಕ್ಷಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗಳುವಿನಿಂದ ಎತ್ತಿ ಹರವಿದರು.

ತಂತಿಗಳನ್ನೆಲ್ಲ ಎಳೆದು ಮುಗಿಸುವವರೆಗೂ ಕಾಗದದ ಮೇಲೆ ಒಂದು ಹನಿ ಬೀಳಲಿಲ್ಲ. ಒಗೆದರೂ ಹೋಗದ ಹೊಗೆಯ ವಾಸನೆ ಮಾತ್ರ ಮೇಲಿನಿಂದ ಇಳಿಯುತ್ತಿತ್ತು. ಒಳಗೆ ಒರಳಿನ ಸದ್ದು. ಹಳದಿಗೆ ನೀರು ಸವರಬೇಕು ಎನ್ನುವಾಗ ಬತ್ತಿ ಮುಗಿದಿತ್ತು. ಅತ್ತಿಗೆಯನ್ನು ಕೇಳಲು ಬಾಯಿ ಬರಲಿಲ್ಲ. ಹತ್ತಿ ತೆಗೆದು ತಾನೇ ಹೊಸೆದಳು. ನೀರಿಗೆ ಅದ್ದುತ್ತಲೇ ಅದು ಬಿಚ್ಚಿಕೊಂಡಿತು. ಇನ್ನೊಂದು ಹೊಸೆಯಲು ಕೂತಳು.