ಯಾರೂ ಏನೂ ಕೇಳಬೇಡಿ

ಶಾಲೆಗಳಲ್ಲಿ ಆಪ್ತಸಮಾಲೋಚನೆ ಕಾರ್ಯಕ್ರಮವನ್ನು ಮುನ್ನಡೆಸುವವರಿಗಾಗಿ ಇದ್ದ ಸ್ನಾತಕೋತ್ತರ ತರಬೇತಿಗೆ ನಾನು ಸೇರಿದ್ದು ಮುಖ್ಯ ಶಿಕ್ಷಕರ ಒತ್ತಾಯದಿಂದ. ಮೇಷ್ಟರಾಗುವ ಮುಂಚೆ ಕೆಲವು ವರ್ಷ ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. 'ಜನರ ಬಾಯಿ ಬಿಡಿಸಿ ಗೊತ್ತಿರೋರು ನೀವೇ ಕಣ್ರಿ' ಎಂಬುದು ಅವರ ವಾದ. ಸಮಾಲೋಚನೆಗೂ ಬಾಯಿ ಬಿಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಅವರಿಗೆ ವಿವರಿಸುವುದರಲ್ಲೇ ನನ್ನ ಎರಡು ವರ್ಷ ಕಳೆಯಲಿದೆ ಎಂದು ಆಗ ಗೊತ್ತಿರಲಿಲ್ಲ.

ವಾರವೆಲ್ಲ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಹನೂರಿನ ಕಡೆಯ ನಮ್ಮ ಪ್ರೌಢಶಾಲೆಗೆ ಇನ್ನೊಂದು. ಭಾನುವಾರ ಮಾತ್ರ ಕೊಳ್ಳೇಗಾಲದಲ್ಲೇ ಇಳಿದು ತರಗತಿಗೆ ಹೋಗುತ್ತಿದ್ದೆ. ಸುತ್ತಲಿನ ಶಾಲೆಗಳ ಮೇಷ್ಟರು, ಮೇಡಂಗಳೇ ಅಲ್ಲಿ ವಿದ್ಯಾರ್ಥಿಗಳು. ಮೈಸೂರಿನಿಂದ ಬರುತ್ತಿದ್ದ ಉಪನ್ಯಾಸಕಿ ಪರದೆಯ ಮೇಲೆ ನಾಯಕತ್ವದ ಬಗೆಗಳನ್ನು ತೋರಿಸುವರು. ಆಮೇಲೆ ಅಭ್ಯಾಸ. ಒಬ್ಬರು ಮಗುವಾಗಬೇಕು, ಇನ್ನೊಬ್ಬರು ಸಮಾಲೋಚಕರು. 'ನಂಗೆ ಸ್ಕೂಲಿಗೆ ಬರಕ್ಕೆ ಇಷ್ಟ ಇಲ್ಲ' ಎಂದು ಮಗು ಹೇಳುವುದೇ ತಡ, ಎದುರಿನವರು 'ಅಂಗನ್ನಬಾರ್ದು ಕಂದ, ಓದಿದ್ರೆ ತಾನೇ ಮುಂದಕ್ಕೆ ಬರಾದು' ಎಂದು ಶುರು ಮಾಡುತ್ತಿದ್ದರು.

'ಸಾರ್, ಸುಮ್ಮನೆ ಕೇಳಿಸಿಕೊಳ್ಳಿ ಸಾಕು' ಎನ್ನುವರು ಉಪನ್ಯಾಸಕಿ.

'ಕೇಳಿಸ್ಕಂಡೆನಲ್ಲ ಮೇಡಂ. ಉತ್ರ ಕೊಡದೆ ಇದ್ರೆ ಮಗಿಗೆ ಅವಮಾನ ಆಗಲ್ವ?'

ಇಡೀ ತರಗತಿ ತಲೆಯಾಡಿಸುತ್ತಿತ್ತು. ಸುಮ್ಮನಿರುವುದೆಂದರೆ ನಮ್ಮಲ್ಲಿ ಅಸಡ್ಡೆ.

ಎರಡನೇ ವರ್ಷ ನಮ್ಮ ನಮ್ಮ ಶಾಲೆಯಲ್ಲಿ ಕಾರ್ಯಕ್ರಮ ನಡೆಸಿ ತೋರಿಸಬೇಕಿತ್ತು. ಗ್ರಂಥಾಲಯದ ಬೀರುಗಳನ್ನು ಸರಿಸಿ ಅವುಗಳ ಹಿಂದೆ ಎರಡು ಕುರ್ಚಿ ಹಾಕಿಸಿದೆ. ಹುಡುಗಿಯರೊಂದಿಗೆ ಮಾತಾಡಲು ವಿಜ್ಞಾನದ ಮೇಡಂ ಒಪ್ಪಿದರು. ಮುಖ್ಯ ಶಿಕ್ಷಕರು ಬೆಳಗಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು, 'ಯಾರ್‍ಯಾರಿಗೆ ಮಾನಸಿಕ ತೊಂದರೆ ಅದೆ, ಸಂಕೋಚ ಪಡದೆ ಕೈ ಎತ್ತಿ' ಎಂದರು. ಅದಾದ ಮೇಲೆ ಎಷ್ಟೋ ದಿನ ಆ ಕುರ್ಚಿಗಳ ಕಡೆ ಯಾರೂ ಸುಳಿಯಲಿಲ್ಲ.

ಕೊನೆಗೆ ಬಂದವಳು ಬಂಡಳ್ಳಿಯ ಒಬ್ಬ ಹುಡುಗಿ, ಹತ್ತನೇ ತರಗತಿ. ಅವಳಿಗೆ ಮಾತು ತಡೆಯುತ್ತಿತ್ತು. ಊಟದ ನಂತರದ ಗಣಿತದ ಪಿರಿಯಡ್ಡಿನಲ್ಲಿ ಮೇಷ್ಟರು ಸಾಲಾಗಿ ಉತ್ತರ ಕೇಳುತ್ತ ಬರುವರು. ಅವಳ ಸರದಿ ಬಂದಾಗ ತಮಾಷೆಗೆ ಅವಳಂತೆಯೇ ತಡೆದು ತಡೆದು ಪ್ರಶ್ನೆ ಕೇಳುವರು. ತರಗತಿ ನಗುವುದು. ಹಾಗಾಗಿ ಅವಳು ಬೆಳಗ್ಗೆ ಹಾಜರಿ ಕೊಟ್ಟು, ಊಟ ಮುಗಿಸಿ, ಹೊಟ್ಟೆನೋವೆಂದು ಮನೆಗೆ ಹೋಗಿಬಿಡುತ್ತಿದ್ದಳು. ಹೀಗೇ ಆದರೆ ಪರೀಕ್ಷೆಗೆ ಕೂರುವ ಮುಂಚೆಯೇ ಅವಳ ಓದು ನಿಲ್ಲುವುದು ಖಚಿತವಿತ್ತು. ಯಾರಿಗೂ ಹೇಳಕೂಡದೆಂಬ ಮಾತಿನ ಮೇಲೆ ಅವಳು ಇದನ್ನೆಲ್ಲ ಮೇಡಂಗೆ ಹೇಳಿದ್ದಳು. ಹೇಳಬಹುದಾ ಎಂದು ಅವಳನ್ನೇ ಕೇಳಿದ ಮೇಲಷ್ಟೇ ಮೇಡಂ ನನಗೆ ತಿಳಿಸಿದರು.

ಅದೇ ದಿನ ಸಿಬ್ಬಂದಿ ಕೊಠಡಿಯಲ್ಲಿ ಊಟದ ಡಬ್ಬಿಗಳು ತೆರೆಯುವ ಹೊತ್ತಿಗೆ ಮುಖ್ಯ ಶಿಕ್ಷಕರು ಕೇಳಿದರು: 'ಮೇಡಂ, ಆ ಮಗು ಏನಂತು?'

'ಅದು ಹೇಳೋ ಹಾಗಿಲ್ಲ ಸಾರ್.'

'ನಮ್ ಮಕ್ಕಳ ವಿಷ್ಯ ನಮಗೇ ಹೇಳೋ ಹಾಗಿಲ್ವಾ? ನಾವೇನ್ ಪೊಲೀಸ್ನೋರಾ?'

ಅವರು ಒಳ್ಳೆಯ ಮನುಷ್ಯ. ಮಳೆಗಾಲದಲ್ಲಿ ದೂರದ ಮಕ್ಕಳನ್ನು ತಮ್ಮ ಬೈಕಿನಲ್ಲೇ ಊರು ಮುಟ್ಟಿಸುತ್ತಿದ್ದವರು. ಕೇಡು ಬಯಸದವರನ್ನು ತಡೆಯುವುದು ಹೇಗೆಂದು ಆ ಪರದೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಅವಳ ಗೆಳತಿಯರನ್ನು ವಿಚಾರಿಸಿ ಎರಡೇ ದಿನದಲ್ಲಿ ವಿಷಯ ತಿಳಿದುಕೊಂಡರು. ತಿಳಿದ ಮೇಲೆ, ಊರಿನಲ್ಲಿ ಬದುವಿನ ಜಗಳ ಬಂದಾಗ ಮಾಡುವುದನ್ನೇ ಇಲ್ಲೂ ಮಾಡಿದರು. ಎರಡೂ ಕಡೆಯವರನ್ನು ಕರೆಸಿ, ಎಲ್ಲರ ಎದುರು ಪಂಚಾಯ್ತಿ. ನಾನು ತರಗತಿ ಮುಗಿಸಿ ಬರುವಷ್ಟರಲ್ಲಿ ಸಿಬ್ಬಂದಿ ಕೊಠಡಿಯ ನಡುವೆ ಆ ಹುಡುಗಿ ನಿಂತಿದ್ದಳು.

'ಸಾರ್, ಇದು ಬೇಡ, ಅವಳನ್ನ ಕಳಿಸಿ' ಎಂದೆ.

'ಇರ್‍ರೀ, ಬಗೆಹರೀತಾ ಅದೆ' ಎಂದರು.

ಗಣಿತದ ಮೇಷ್ಟರು ಎದ್ದು ನಿಂತರು. 'ತಪ್ಪಾಯ್ತು ಕಣವ್ವ. ತಮಾಷೆಗೆ ಅಂದಿದ್ದು. ಮನಸ್ನಲ್ಲಿ ಇಟ್ಕೋಬೇಡ.' ಅದು ನಿಜವಾದ ಕ್ಷಮೆಯೇ ಆಗಿತ್ತು.

'ಈಗ ನೀನೂ ಒಂದ್ ಮಾತು ಹೇಳು ಮಗ' ಎಂದರು ಮುಖ್ಯ ಶಿಕ್ಷಕರು. 'ಹೆದ್ರುಕೋಬೇಡ, ಎಲ್ಲಾ ನಮ್ಮೋರೇ.'

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕೊಠಡಿಯಲ್ಲಿದ್ದವರೆಲ್ಲ ಅಕ್ಕರೆಯಿಂದ ಕಾದರು. 'ಆಯ್ತು ಸಾ ಅನ್ನವ್ವ, ಸಾಕು' ಎಂದು ಯಾರೋ ಮಾತು ಒದಗಿಸಿಕೊಟ್ಟರು. ಅವಳು ತಲೆ ಬಗ್ಗಿಸಿದ್ದೇ ಒಪ್ಪಿಗೆಯಾಯಿತು. ಚಪ್ಪಾಳೆ ಬಿತ್ತು. 'ಒಂದ್ ಫೋಟೋ ತಕಳ್ರಿ, ನಿಮ್ ಪ್ರಾಜೆಕ್ಟಿಗೆ ಆಯ್ತದೆ' ಎಂದು ಮುಖ್ಯ ಶಿಕ್ಷಕರು ನನ್ನತ್ತ ನೋಡಿದರು. ನಾನು ತೆಗೆಯಲಿಲ್ಲ. ಬೇರೊಬ್ಬರು ತೆಗೆದರು.

ಮರುದಿನದಿಂದ ಅವಳು ಶಾಲೆಗೇ ಬರಲಿಲ್ಲ.

'ಬಗೆಹರಿಸಿದ್ವಲ್ಲ, ಇನ್ನೇನಂತೆ?' ಎಂದು ಮುಖ್ಯ ಶಿಕ್ಷಕರು ನಿಜವಾಗಿಯೂ ನೊಂದುಕೊಂಡರು.

ಮುಂದಿನ ವಾರ ಮೇಡಂ ಮತ್ತು ನಾನು ಬಂಡಳ್ಳಿಗೆ ಹೋದೆವು. ತಾಯಿ ಮುಸುಕಿನ ಜೋಳ ಬಿಡಿಸುತ್ತ ಜಗಲಿಯಲ್ಲಿದ್ದರು. 'ಮನೇಲಿ ಚೆಂದಾಗೇ ಮಾತಾಡ್ತಳೆ ಸಾ. ಸ್ಕೂಲು ಅಂದ್ರೆ ಮಾತ್ರ ಬಾಯೇ ಬುಡಕ್ಕಿಲ್ಲ. ಓದಾದು ಸಾಕು, ಗಾರ್ಮೆಂಟ್ಸಿಗೆ ಓಯ್ತೀನಿ ಅಂತಾವಳೆ. ಇದೊಂದ್ ವರ್ಷ ಮುಗುಸ್ಲಿ ಅಂತ ನಂಗಾಸೆ.'

ನಾನು ಅಂಗಳದಲ್ಲೇ ಉಳಿದೆ. ಒಳಗೆ ಮೇಡಂ ಅವಳ ಪಕ್ಕ ಕೂತರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಅವಳ ಷರತ್ತು ತಿಳಿಸಿದರು. ಬರುತ್ತಾಳಂತೆ. ಆದರೆ ಯಾರೂ ಏನೂ ಕೇಳಬಾರದು. ಹುಷಾರಾ ಅಂತಲೂ ಇಲ್ಲ, ಬಂದ್ಯಾ ಅಂತಲೂ ಇಲ್ಲ.

ತರಬೇತಿಯಲ್ಲಿ ಇಷ್ಟು ಕಷ್ಟದ ಕೆಲಸ ನನಗೆ ಬಂದಿರಲಿಲ್ಲ. ಒಬ್ಬೊಬ್ಬ ಶಿಕ್ಷಕರನ್ನೂ ಬೇರೆಬೇರೆಯಾಗಿ ಕಂಡು, ಏನೂ ಮಾಡಬೇಡಿ ಎಂದು ಬೇಡಿಕೊಂಡೆ. 'ಚೆಂದಾಗಿ ಓದು ಅಂತನಾದ್ರೂ ಅನ್ಬೌದಾ?' ಎಂದರು ಒಬ್ಬರು. ಬೇಡ ಎಂದೆ. 'ಒಂದ್ ಪೆನ್ನು ಕೊಡ್ಲಾ?' ಎಂದರು ಇನ್ನೊಬ್ಬರು. ಅದೂ ಬೇಡ ಎಂದೆ. ಮುಖ್ಯ ಶಿಕ್ಷಕರಂತೂ ಪ್ರಾರ್ಥನೆಯಲ್ಲಿ ಸ್ವಾಗತಿಸಬೇಕೆಂದು ಎರಡು ಮಾತು ಸಿದ್ಧ ಮಾಡಿಕೊಂಡಿದ್ದರು. ಬಿಡಿಸಲು ಒಂದು ಸಂಜೆ ಹಿಡಿಯಿತು. ಕೊನೆಗೆ, 'ನಿಮ್ ಕೋರ್ಸು ಶುರುವಾದ್ಮೇಲೆ ಸ್ಕೂಲು ಸಾವಿನ ಮನೆ ಆಯ್ತು ಕಣ್ರಿ' ಎಂದು ಒಪ್ಪಿದರು.

ಅವಳು ಸೋಮವಾರ ಬಂದಳು. ಮುಖ್ಯ ಶಿಕ್ಷಕರು ಮೊಗಸಾಲೆಯಲ್ಲಿ ಅವಳನ್ನು ಕಂಡು ಬಾಯಿ ತೆರೆದರು, ಪಕ್ಕದಲ್ಲಿದ್ದ ನನ್ನನ್ನು ನೋಡಿ ಕೆಮ್ಮಿದರು. ಊಟವಾಯಿತು. ಅವಳು ಬಸ್ಸಿನ ಕಡೆ ಹೋಗಲಿಲ್ಲ. ಗಣಿತದ ಪಿರಿಯಡ್ಡಿನಲ್ಲಿ ಮೇಷ್ಟರು ಸಾಲಾಗಿ ಉತ್ತರ ಕೇಳುತ್ತ ಬಂದು, ಅವಳನ್ನು ದಾಟಿ ಮುಂದಿನ ಹುಡುಗಿಯನ್ನು ಕೇಳಿದರು. ಮಂಗಳವಾರವೂ ಹಾಗೆಯೇ ಆಯಿತು.

ಅಂದು ಸಂಜೆ ಅವಳು ತಾನಾಗಿಯೇ ಬೀರುಗಳ ಹಿಂದೆ ಬಂದು ಮೇಡಂ ಎದುರು ಕೂತಳಂತೆ. ಈ ಸಲ ನನಗೆ ತಿಳಿಸಬಹುದು ಎಂದು ಮೊದಲೇ ಹೇಳಿ, ಕೇಳಿದ್ದು ಇಷ್ಟೇ: 'ನನ್ನ ಯಾಕ್ ಬುಟ್ರು?'

ಬುಧವಾರ ಬೆಳಗ್ಗೆ ನಾನು ಗಣಿತದ ಮೇಷ್ಟರ ಬಳಿ ಹೋಗಿ, ಅವಳನ್ನೂ ಕೇಳಿ ಎಂದೆ. ಅವಳು ಹೇಳಿ ಮುಗಿಸುವ ತನಕ ಕಾಯಿರಿ, ಬೇರೇನೂ ಬೇಡ.

ಅವರು ಡಸ್ಟರನ್ನು ಮೇಜಿನ ಮೇಲೆ ಕುಕ್ಕಿದರು. 'ಕೇಳ್ಬೇಡಿ ಅಂತೀರ, ಆಮೇಲೆ ಕೇಳಿ ಅಂತೀರ! ಸಾ, ನಿಮ್ ಕೋರ್ಸು ಯಾವಾಗ ಮುಗಿತದೆ?'

ಇನ್ನೂ ಒಂದು ಸೆಮಿಸ್ಟರ್ ಇದೆ ಎಂದೆ. ಅವರು ನಿಟ್ಟುಸಿರು ಬಿಟ್ಟು, 'ಎಷ್ಟೊತ್ತು ಕಾಯ್ಬೇಕು?' ಎಂದು ಕೇಳಿದರು.