ಶಿವಪುತ್ರಪ್ಪನ ಎಡಗಾಲು

ಮುಂಬೈಯ ಜೋಗೇಶ್ವರಿಯ ಒಂದು ಚಾಳಿನಲ್ಲಿ ಯಾರಾದರೂ ಸಾವಿನ ಮುಂದೆ ಕಂಗೆಟ್ಟರೆ ವಿನೋದಿನಿಯನ್ನು ಕರೆಯುತ್ತಾರೆ. ವಿಲೆ ಪಾರ್ಲೆಯ ನರ್ಸಿಂಗ್ ಹೋಮೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಕೊನೆಯುಸಿರಿನಲ್ಲಿದ್ದವರ ಕೈ ಹಿಡಿದು, ಚರ್ಚಿಗೆ ಹೋಗುವ ಬಸ್ಸಿನ ನಂಬರ್ ಹೇಳುವಷ್ಟೇ ಖಚಿತವಾಗಿ ನಿತ್ಯಜೀವದ ಮಾತು ಹೇಳುತ್ತಿದ್ದಳು. ಗಂಡ ಶಿವಪುತ್ರಪ್ಪ ಬೆಟಗೇರಿ ಕಡೆಯಿಂದ ಬಂದ ಫಿಟ್ಟರ್. ಪ್ರಾಯದಲ್ಲೇ ಮಷೀನು ಬಿದ್ದು ಎಡಗಾಲಿನ ಮೂಳೆ ಮುರಿದು, ಒಳಗೆ ಸ್ಟೀಲ್ ಪಟ್ಟಿ ಹಾಕಿಸಿಕೊಂಡು ಕುಂಟುತ್ತಿದ್ದ. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಹೆಂಡತಿಯ ಹೆಗಲು ಹಿಡಿದು, “ನನ್ನ ಊರುಗೋಲು ನೋಡ್ರಿ” ಎಂದು ಹೋಗಿಬರುವವರಿಗೆಲ್ಲ ಹೇಳಿ ಬೈಸಿಕೊಳ್ಳುತ್ತಿದ್ದ.

ಅವನು ತೀರಿಕೊಂಡಾಗ ಅವಳು ಗಟ್ಟಿಯಾಗಿಯೇ ನಿಂತಳು. ಎರಡು ವರ್ಷದ ಮೇಲೆ ಚರ್ಚಿನ ಸ್ಮಶಾನದಿಂದ ಚೀಟಿ ಬಂತು. ಮುಂಬೈಯಲ್ಲಿ ಬದುಕಿರುವವರಿಗೇ ಜಾಗವಿಲ್ಲ, ಸತ್ತವರಿಗೆ ಎಲ್ಲಿಂದ ಬರಬೇಕು? ಗೋರಿ ತೆರೆದು, ಮೂಳೆಗಳನ್ನು ಸಣ್ಣ ಪೆಟ್ಟಿಗೆಯಲ್ಲಿ ಗೋಡೆಯ ಗೂಡಿಗೆ ಸೇರಿಸಿ, ಮಣ್ಣನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಮಗಳು ನಿಶಾ ಅತ್ತಳು.

“ಮಮ್ಮಿ, ಪುನರುತ್ಥಾನದ ದಿನ ಪಪ್ಪಾ ಎಲ್ಲಿಂದ ಏಳ್ತಾರೆ? ಉಸ್ ಡಬ್ಬೇ ಮೇಂ ಸೇ, ಆ ಡಬ್ಬಿಯಿಂದ್ಲಾ?”

“ಹೆಸರು ಹಿಡದು ಕರಿಯಾಂವಗ ಜಾಗಾ ಯಾವುದಾದ್ರೇನವಾ,” ಎಂದಳು ವಿನೋದಿನಿ.

ಹೇಳಿದ್ದೇನೋ ಹೇಳಿದಳು, ಆದರೆ ತನಗೇ ಖಾತ್ರಿಯಿರಲಿಲ್ಲ. ಪರರಿಗೆ ಹೇಳುವುದು ಸುಲಭವಾಗಿತ್ತು. ತನ್ನವನನ್ನೇ ಮೂಳೆಯಾಗಿ ಕಂಡಾಗ ಆ ನಂಬಿಕೆ ಉಳಿದೀತೇ? ಉಳಿಯದಿದ್ದರೆ, ಅಷ್ಟು ಜನರ ಕೈ ಹಿಡಿದು ಹೇಳಿದ್ದೆಲ್ಲ ಬರೀ ಬಾಯಿಮಾತೇ? ಈ ಭಯವನ್ನು ಅವಳು ಯಾರ ಮುಂದೆಯೂ ಆಡಲಿಲ್ಲ.

ಶನಿವಾರ ಬೆಳಿಗ್ಗೆ ಗೋರಿ ತೋಡುವ ಮುದುಕ ಒಂದೊಂದೇ ಮೂಳೆ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟ. ನಿಶಾ ಮುಖ ತಿರುಗಿಸಿದಳು. ವಿನೋದಿನಿ ನೋಡಿದಳು. ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ನೆನಪಾಗಲಿಲ್ಲ. ಕೊನೆಗೆ ಬಂದದ್ದು ಎಡಗಾಲಿನ ಮೂಳೆ. ಸ್ಕ್ರೂ ಸಡಿಲಾಗಿ ಪಟ್ಟಿ ಕಳಚಿ ಮುದುಕನ ಕೈಗೆ ಬಂತು. ಇದನ್ನೂ ಪೆಟ್ಟಿಗೆಗೆ ಹಾಕಲೇ ಎಂದು ಅವನು ಹಿಂದಿಯಲ್ಲಿ ಕೇಳಿದ.

“ಹಾಕಿ, ಪಪ್ಪಾಂದೇ ಅಲ್ವಾ,” ಎಂದಳು ನಿಶಾ.

ವಿನೋದಿನಿ ಕೈಚಾಚಿ ಪಟ್ಟಿಯನ್ನು ಇಸಿದುಕೊಂಡಳು. ಇಷ್ಟು ವರ್ಷ ಇದರ ಭಾರ ಅವಳ ಹೆಗಲೂ ಹೊತ್ತಿತ್ತು.

“ಇದು ಬ್ಯಾಡ,” ಎಂದಳು, ಯೋಚಿಸುವ ಮೊದಲೇ. “ಎದ್ದು ಬರೂ ದಿನ ಅವರಿಗೆ ಇದರ ಜರೂರತ್ ಇಲ್ಲ. ಅಲ್ಲಿ ಅವರು ಕುಂಟೂದಿಲ್ಲ.”

ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಯಾರನ್ನೂ ಸಮಾಧಾನ ಮಾಡಲು ಆಡಿದ ಮಾತಾಗಿರಲಿಲ್ಲ ಅದು. ಎದೆ ಹಗುರಾಯಿತು, ಕಣ್ಣು ತುಂಬಿತು. ಪಟ್ಟಿಯನ್ನು ಮಣ್ಣಿನ ಗುಡ್ಡೆಯ ಮೇಲಿಟ್ಟು, ಮೂಳೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಮುಚ್ಚಳ ಹಾಕಿ, ತಾನೇ ಎತ್ತಿಕೊಂಡು ಗೋಡೆಯತ್ತ ನಡೆದಳು. ಪಟ್ಟಿ ಅಲ್ಲೇ ಉಳಿಯಿತು.